ಅಕ್ಷರದ ದರ, ಅಡಿಯ ದರ

ಪುಣೆಯ ಹಳೆಯ ಪೇಠೆಗಳಲ್ಲಿ ಅಂಗಡಿಗೆ ಬೋರ್ಡು ಬರುವ ಮೊದಲು ಗುರುತು ಹೇಳುವ ಕೆಲಸ ದೇವರ ಪಾಲಿಗಿತ್ತು. ಬುಧವಾರ ಪೇಠೆಯಲ್ಲಿ ಪಾಸೋಡಿ ಎಂಬ ದಪ್ಪ ಹೊದಿಕೆ ಮಾರುವವರ ನಡುವೆ ನಿಂತ ವಿಠಲ ಪಾಸೋಡ್ಯಾ ವಿಠೋಬಾ ಆದ. ಅಕ್ಕಸಾಲಿಗರ ಸಾಲಿನ ಹನುಮಪ್ಪ ಸೋನ್ಯಾ ಮಾರುತಿ. ಜಿಲೇಬಿಯವನ ಮಗ್ಗುಲಲ್ಲಿದ್ದವನು ಜಿಲ್ಬ್ಯಾ ಮಾರುತಿ. ಶನಿವಾರವಾಡೆಯ ಎದುರಿನ ಬಯಲಲ್ಲಿ ತರಕಾರಿ ಸಂತೆ ಕೂಡುತ್ತಿದ್ದ ಕಾಲಕ್ಕೆ ಆಲೂಗಡ್ಡೆ ರಾಶಿಯ ಹತ್ತಿರವಿದ್ದವನಿಗೆ ಬಟಾಟ್ಯಾ ಮಾರುತಿ ಎಂದೇ ಹೆಸರು. 1886ರಲ್ಲಿ ಗವರ್ನರ್ ಲಾರ್ಡ್ ರೇ ಹೆಸರಿನ ಮಾರುಕಟ್ಟೆ ಕಟ್ಟಡ ತೆರೆದು ಸಂತೆ ಅಲ್ಲಿಗೆ ಹೋಯಿತು. ಅಂಥ ಕಟ್ಟಡಕ್ಕೆ ದುಡ್ಡು ಸುರಿಯುವುದನ್ನು ನಗರಸಭೆಯಲ್ಲಿ ವಿರೋಧಿಸಿದ್ದ ಜೋತಿಬಾ ಫುಲೆಯವರ ಹೆಸರೇ ಮುಂದೆ ಅದಕ್ಕೆ ಬಂದು ಅದು ಮಹಾತ್ಮಾ ಫುಲೆ ಮಂಡಈ ಆಯಿತು. ಆಲೂಗಡ್ಡೆ ಹೋದ ಮೇಲೂ ಬಟಾಟ್ಯಾ ಮಾರುತಿ ಅಲ್ಲೇ ಉಳಿದ.

ದೇವರು ಸಾಲದ ಕಡೆ ಓಣಿಯೇ ಗುರುತು ಹೇಳುತ್ತಿತ್ತು. ಮರಾಠಿಯಲ್ಲಿ ಆಳಿ ಎಂದರೆ ಒಂದೇ ಕಸುಬಿನವರು ಸಾಲಾಗಿ ಕೂತ ಓಣಿ. ಕಸಬಾ ಪೇಠೆಯ ತಾಂಬಟ ಆಳಿಯಲ್ಲಿ ತಾಮ್ರದ ಹಂಡೆ ಬಡಿಯುವ ಸದ್ದು ನಾಲ್ಕು ಮನೆ ಆಚೆಯಿಂದಲೇ ಕೇಳುತ್ತದೆ. ಬುರುಡ ಆಳಿಯಲ್ಲಿ ಬಿದಿರು ಸೀಳಿ ಬುಟ್ಟಿ ಹೆಣೆಯುವವರು, ಶಿಂಪಿ ಆಳಿಯಲ್ಲಿ ಸಿಂಪಿಗರು. ಓದು ಬಾರದವನೂ ಕಿವಿಯಿಂದ, ಮೂಗಿನಿಂದ ದಾರಿ ಹಿಡಿದು ಬಂದು ವ್ಯಾಪಾರ ಮುಗಿಸಿ ಹೋಗುತ್ತಿದ್ದ. ಪೇಠೆಗಳಿಗೇ ವಾರದ ದಿನಗಳ ಹೆಸರಿರುವ ಈ ಊರಿನಲ್ಲಿ ಬರೆದ ಬೋರ್ಡಿಗೆ ಬಹಳ ಕಾಲ ಕೆಲಸವೇ ಇರಲಿಲ್ಲ ಎಂದು ನನ್ನ ನಂಬಿಕೆ.

ಇದೇ ಬುಧವಾರ ಪೇಠೆಯಲ್ಲಿ ನಮ್ಮ ಕಡೆಯವರೊಬ್ಬರ ಕಸುಬು ದೇವರ ಹೆಸರಿಗೇ ಏರಿದ್ದನ್ನು ಕನ್ನಡಿಗರು ತಿಳಿದಿರಬೇಕು. ದಗಡೂಶೇಠ್ ಗಡವೆ ಕರ್ನಾಟಕದಿಂದ ಬಂದು ನೆಲೆಸಿದ ಲಿಂಗಾಯತ ಮಿಠಾಯಿ ವ್ಯಾಪಾರಿ. ಪ್ಲೇಗಿನಲ್ಲಿ ಮಗನನ್ನು ಕಳೆದುಕೊಂಡ ಆ ದಂಪತಿ ಕೂರಿಸಿದ ಗಣಪತಿಗೆ ಇವತ್ತು ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ, ಬಂದವರೆಲ್ಲ ದಗಡೂಶೇಠ್ ಹಲವಾಯಿ ಗಣಪತಿ ಎಂದೇ ಕೈ ಮುಗಿಯುತ್ತಾರೆ. ಹಲವಾಯಿ ಎಂದರೆ ಮಿಠಾಯಿ ಮಾಡುವವನು. ಒಂದು ಅಂಗಡಿಯ ಗುರುತು ಇಷ್ಟು ಎತ್ತರಕ್ಕೆ ಹೋದ ಇನ್ನೊಂದು ಉದಾಹರಣೆ ನನಗೆ ಗೊತ್ತಿಲ್ಲ.

ನಾನು ಅಕ್ಕಲಕೋಟೆ ತಾಲೂಕಿನವನು. ಜಿಲ್ಲೆ ಸೊಲ್ಲಾಪುರ, ರಾಜ್ಯ ಮಹಾರಾಷ್ಟ್ರ, ಶಾಲೆ ಕನ್ನಡ. ಊರಿನ ಗುಡಿಯ ಗೋಡೆಗೆ ಕನ್ನಡದಲ್ಲೂ ಪಂಚಾಯ್ತಿ ಗೋಡೆಗೆ ಮರಾಠಿಯಲ್ಲೂ ಬರೆಯುತ್ತಾ ಕೈ ಕುದುರಿತು. ಎಪ್ಪತ್ತರ ದಶಕದ ಕೊನೆಗೆ ರೈಲು ಹತ್ತಿ ಪುಣೆಗೆ ಬಂದೆ, ಬುಧವಾರ ಪೇಠೆಯ ಒಬ್ಬ ಹಿರಿಯ ಪೇಂಟರ್ ಬಳಿ ನಿಂತೆ. ಅವರನ್ನು ನಾವೆಲ್ಲ ಉಸ್ತಾದ್ ಎನ್ನುತ್ತಿದ್ದೆವು. ಇಲ್ಲಿ ಬರೆಯುವುದರಲ್ಲಿ ಅರ್ಧ ನನ್ನ ಕೈ ಕಂಡದ್ದು, ಅರ್ಧ ಅವರ ಬಾಯಿಂದ ಕೇಳಿದ್ದು.

ಬರೆದ ಬೋರ್ಡು ಈ ಊರಿನಲ್ಲಿ ಮೊದಲು ಬೇರೂರಿದ್ದು ಕ್ಯಾಂಪಿನಲ್ಲಿ ಎಂದು ಉಸ್ತಾದ್ ಹೇಳುತ್ತಿದ್ದರು. ಪೇಶ್ವೆಯ ಆಳ್ವಿಕೆ ಮುಗಿದ ಮೇಲೆ ಬೆಳೆದ ದಂಡಿನ ಪ್ರದೇಶ ಅದು. ಪಾರಸಿಗಳು, ಬೋಹರಿಗಳು, ಗೋವೆಯವರು ಅಲ್ಲಿ ಅಂಗಡಿ ಇಟ್ಟರು. ದೊರಾಬ್ಜಿ ಅಂಗಡಿ 1878ರದು. ಗಿರಾಕಿ ಬಿಳಿಯ ಸೈನಿಕ ಅಧಿಕಾರಿ, ಅವನಿಗೆ ಸೋನ್ಯಾ ಮಾರುತಿ ಗೊತ್ತಿಲ್ಲ, ಓಣಿ ಗೊತ್ತಿಲ್ಲ. ಅವನು ಹೆಸರು ಓದಿಯೇ ಒಳಗೆ ಬರಬೇಕು. ಹಾಗಾಗಿ ತೇಗದ ಹಲಗೆ, ಅದರ ಮೇಲೆ ಕಟೆದ ಮರದ ಅಕ್ಷರ, ಇಂಗ್ಲಿಷ್ ಬರಹ. ಪೇಠೆಯಲ್ಲಿ ಪರಿಚಯದವನು ಬರುತ್ತಿದ್ದ, ಕ್ಯಾಂಪಿನಲ್ಲಿ ಅಪರಿಚಿತ. ಬೋರ್ಡು ಹುಟ್ಟುವುದು ಅಪರಿಚಿತನಿಗಾಗಿ.

ಆಮೇಲೆ ಹಡಗಿನಲ್ಲಿ ಎನಾಮಲ್ ತಗಡು ಬಂತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಡೆ ಹತ್ತೊಂಬತ್ತನೇ ಶತಮಾನದಲ್ಲಿ ಬೆಳೆದ ವಿದ್ಯೆ ಅದು. ಕಬ್ಬಿಣದ ತಗಡಿಗೆ ಬಣ್ಣದ ಗಾಜಿನ ಪುಡಿ ಬಳಿದು ಕುಲುಮೆಯಲ್ಲಿ ಸುಮಾರು 800 ಡಿಗ್ರಿಗೆ ಕಾಯಿಸಿದರೆ ಗಾಜು ಕರಗಿ ಕಬ್ಬಿಣವನ್ನು ಕಚ್ಚಿಕೊಳ್ಳುತ್ತದೆ. ಒಂದೊಂದು ಬಣ್ಣಕ್ಕೆ ಒಂದೊಂದು ಸಲ ಸುಡಬೇಕು. ಹಾಗೆ ಬಂದ ಚಹಾ, ಸಾಬೂನು, ಹೊಲಿಗೆ ಯಂತ್ರದ ಬೋರ್ಡುಗಳು ಕಿರಾಣಿ ಅಂಗಡಿಗಳ ಬಾಗಿಲಿಗೆ ಬಿದ್ದವು. ಬಿಸಿಲಿಗೆ ಬಣ್ಣ ಇಳಿಯದು, ಮಳೆಗೆ ಹೆದರದು. ಹುಡುಗರ ಕಲ್ಲಿಗೆ ಮಾತ್ರ ಹೆದರಬೇಕು. ಒಂದು ಚೂರು ಗಾಜು ಹಾರಿತೆಂದರೆ ಅಲ್ಲಿಂದ ತುಕ್ಕು ಒಳಗೆ ನುಗ್ಗುತ್ತದೆ. 1961ರ ಜುಲೈ 12ರಂದು ಪಾನಶೇತ ಅಣೆಕಟ್ಟು ಒಡೆದು ಮುಠಾ ನದಿ ಶನಿವಾರ, ನಾರಾಯಣ ಪೇಠೆಗಳಿಗೆ ನುಗ್ಗಿತಲ್ಲ, ಆಗ ಕೆಸರಿನಿಂದ ಎತ್ತಿದ ಮರದ ಬೋರ್ಡುಗಳು ಉಬ್ಬಿ ಬಿರಿದಿದ್ದವಂತೆ, ಎನಾಮಲ್ ತಗಡುಗಳನ್ನು ಮಾತ್ರ ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಮೊಳೆ ಹೊಡೆದರಂತೆ. ಉಸ್ತಾದ್ ಆ ವರ್ಷ ಹಗಲು ರಾತ್ರಿ ಬೋರ್ಡು ಬರೆದರು. ಎಷ್ಟೋ ಅಂಗಡಿಯವರಿಂದ ದುಡ್ಡು ಕೇಳಲಿಲ್ಲ ಎಂದು ಅವರ ಮನೆಯವರು ನನಗೆ ಹೇಳಿದ್ದಾರೆ.

ಆದರೆ ಎನಾಮಲ್ ದೊಡ್ಡ ಕಂಪನಿಗಳ ವಸ್ತು. ಒಂದೇ ಮಾದರಿ ಸಾವಿರಗಟ್ಟಲೆ ಮಾಡಿದರೆ ಮಾತ್ರ ಗಿಟ್ಟುತ್ತದೆ. ಸದಾಶಿವ ಪೇಠೆಯ ಹಿಟ್ಟಿನ ಗಿರಣಿಯವನಿಗೆ ಬೇಕಾದದ್ದು ಒಂದೇ ಬೋರ್ಡು. ಅವನ ಪಾಲಿಗೆ ನಾವಿದ್ದೆವು, ತಗಡಿತ್ತು.

ಸರಾಫರಿಗೆ ತಗಡು ಸಾಲದು, ಅವರಿಗೆ ಗಾಜು. ಗಾಜಿನ ಹಿಂಬದಿಗೆ ಕನ್ನಡಿಯಲ್ಲಿ ಕಂಡಂತೆ ಅಕ್ಷರ ತಿರುಗಿಸಿ ಬರೆಯಬೇಕು. ಜೆಲಾಟಿನ್ ಕರಗಿಸಿದ ಬಿಸಿ ನೀರು ಸವರಿ, ಉಸಿರು ಬಿಗಿಹಿಡಿದು ಚಿನ್ನದ ವರಕು ಕೂರಿಸಿ, ಒಣಗಿದ ಮೇಲೆ ಅಕ್ಷರದಷ್ಟು ಭಾಗಕ್ಕೆ ಬಣ್ಣ ಹಚ್ಚಿ ಉಳಿದ ವರಕನ್ನು ಒರೆಸಿ ತೆಗೆಯಬೇಕು. ಫ್ಯಾನ್ ಹಾಕುವಂತಿಲ್ಲ, ಮಾತಾಡುವಂತಿಲ್ಲ. ಲಕ್ಷ್ಮೀ ರಸ್ತೆಯಲ್ಲಿ ಚಿನ್ನದಂಗಡಿಗಳು ಹೆಚ್ಚಾದ ಕಾಲಕ್ಕೆ ಇದು ಒಳ್ಳೆಯ ಕೆಲಸ. ಸಾಂಗ್ಲಿಯಲ್ಲಿ 1832ರಲ್ಲಿ ಶುರುವಾದ ಗಾಡಗೀಳ ಸರಾಫರ ಪೇಢಿ ಆ ರಸ್ತೆಗೆ ಬಂದದ್ದು 1958ರಲ್ಲಿ. ವಕೀಲರಿಗೆ, ವೈದ್ಯರಿಗೆ ಹಿತ್ತಾಳೆ ಫಲಕ: ಅಕ್ಷರ ಕೊರೆದು ಕಪ್ಪು ಅರಗು ತುಂಬಿಸಿದ್ದು. ಮನೆಯ ಹೆಂಗಸರು ಹಬ್ಬಕ್ಕೆ ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ ಕೆಲವು ಫಲಕಗಳಲ್ಲಿ ಹೆಸರೇ ಸವೆದಿದೆ.

ಇನ್ನು ತಗಡಿನ ಬೋರ್ಡು. ಇದರ ಬಗ್ಗೆ ನಾನು ತುಸು ನಿಧಾನವಾಗಿ ಹೇಳಬೇಕು. ಸಾಗವಾನಿ ಪಟ್ಟಿಯ ಚೌಕಟ್ಟಿಗೆ ತಗಡು ಬಡಿದು, ಮರಳು ಕಾಗದದಿಂದ ಉಜ್ಜಿ, ರೆಡ್ ಆಕ್ಸೈಡ್ ಹಚ್ಚಿ, ಅದರ ಮೇಲೆ ಎರಡು ಕೈ ನೆಲಬಣ್ಣ. ಒಣಗಲು ಬಿಡಬೇಕು, ಅವಸರ ಮಾಡಿದರೆ ಮುಂದಿನ ಬೇಸಿಗೆಗೆ ಬಣ್ಣ ಹಪ್ಪಳದಂತೆ ಏಳುತ್ತದೆ. ಸುಣ್ಣದ ಪುಡಿಯಲ್ಲಿ ಅದ್ದಿದ ದಾರವನ್ನು ಎರಡು ಕಡೆ ಬಿಗಿಹಿಡಿದು ನಡುವೆ ಮೀಟಿದರೆ ನೇರ ಗೆರೆ ಬೀಳುತ್ತದೆ. ಅಳಿಲಿನ ಕೂದಲಿನ ಬ್ರಷ್, ಕೈ ಊರಲು ತುದಿಗೆ ಬಟ್ಟೆ ಸುತ್ತಿದ ಕೋಲು, ಟರ್ಪೆಂಟೈನ್. ಅದೇ ಬರಹ ನಾಲ್ಕು ಕಡೆ ಬೇಕಿದ್ದರೆ ಕಾಗದದ ಮೇಲೆ ಬರೆದು ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಇದ್ದಿಲ ಪುಡಿಯ ಗಂಟನ್ನು ಅದರ ಮೇಲೆ ತಟ್ಟುವುದು.

ದೇವನಾಗರಿ ಬರೆಯುವವನಿಗೆ ತಲೆಗೆರೆ ಒಂದು ಆಸರೆ. ಮೊದಲು ಆ ಗೆರೆ ಎಳೆದುಕೊಂಡರೆ ಅಕ್ಷರಗಳನ್ನು ಅದಕ್ಕೆ ತೂಗುಹಾಕುತ್ತಾ ಹೋಗಬಹುದು. ಮಾತ್ರೆಗಳು ಮೇಲೆ ಏಳುವುದರಿಂದ ಗೆರೆಯ ಮೇಲೆ ಅಕ್ಷರದ ಅರ್ಧದಷ್ಟು ಜಾಗ ಬಿಡಬೇಕು. ನಮ್ಮ ಕನ್ನಡಕ್ಕೆ ಬೇರೆಯದೇ ಲೆಕ್ಕ. ಪ್ರತಿ ಅಕ್ಷರವೂ ತನ್ನ ತಲೆಕಟ್ಟು ತಾನೇ ಹೊತ್ತು ನಿಲ್ಲುತ್ತದೆ, ದುಂಡಗೆ ಅಗಲವಾಗುತ್ತದೆ, ಒತ್ತು ಕೆಳಗಿಳಿಯುತ್ತದೆ. ಜಾಗ ಕೆಳಗೆ ಬೇಕು. ಮರಾಠಿಯ ಅಳತೆಯಲ್ಲಿ ಕನ್ನಡ ಬರೆದರೆ ಒತ್ತಕ್ಷರ ಚೌಕಟ್ಟಿಗೆ ಬಡಿಯುತ್ತದೆ. ಪುಣೆಯ ಹೋಟೆಲುಗಳಿಗೆ ಕನ್ನಡ ಸಾಲು ಬರೆಯಲು ನನ್ನನ್ನೇ ಕರೆಯುತ್ತಿದ್ದುದು ಈ ಲೆಕ್ಕ ನನಗೆ ಗೊತ್ತಿದ್ದುದರಿಂದ.

ಉಡುಪಿ ಕಡೆಯವರ ಹೋಟೆಲುಗಳ ಕಥೆಯೂ ಬೋರ್ಡಿನ ಕಥೆಯೇ. 1950ರ ಆಸುಪಾಸಿನಲ್ಲಿ ಜಗನ್ನಾಥ ಶೆಟ್ಟರು ಫರ್ಗ್ಯುಸನ್ ಕಾಲೇಜು ರಸ್ತೆಯಲ್ಲಿ ನಡೆಸಿದ ಹೋಟೆಲುಗಳಿಗೆ ಮೊದಲು ಮದ್ರಾಸ್ ಎಂಬ ಹೆಸರಿತ್ತು. ದಕ್ಷಿಣದ ತಿಂಡಿ ಎಂದರೆ ಇಲ್ಲಿಯವರಿಗೆ ಮದ್ರಾಸ್ ಎಂದೇ ತಿಳಿಯುತ್ತಿದ್ದ ಕಾಲ. ಕೆಫೆ ಮದ್ರಾಸ್ ರೂಪಾಲಿ ಆಯಿತು, ಮದ್ರಾಸ್ ಹೆಲ್ತ್ ಹೋಮ್ ವೈಶಾಲಿ ಆಯಿತು. ಹೆಸರು ಬದಲಾದರೂ ದೋಸೆಯ ಸಾಲು ಕರಗಲಿಲ್ಲ. ಶೆಟ್ಟರು 2023ರಲ್ಲಿ ತೀರಿಕೊಂಡರು. ಅದೇ ರಸ್ತೆಯ ಬಾಯಿಗೆ 1935ರ ಗುಡ್‌ಲಕ್ ಎಂಬ ಇರಾನಿ ಹೋಟೆಲು ಇದೆ. ಆ ಬೋರ್ಡಿನ ಹೆಸರು ಚೌಕಕ್ಕೇ ಹತ್ತಿ ಇವತ್ತಿಗೂ ರಿಕ್ಷಾದವರು ಅದನ್ನು ಗುಡ್‌ಲಕ್ ಚೌಕ ಎನ್ನುತ್ತಾರೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮ ಕೂಲಿ ಅಕ್ಷರದ ಮೇಲೆ. ಇಷ್ಟು ಇಂಚಿನ ಅಕ್ಷರಕ್ಕೆ ಇಷ್ಟು. ಒತ್ತಕ್ಷರ ಒಂದೋ ಎರಡೋ ಎಂದು ಗಿರಾಕಿಯೂ ಉಸ್ತಾದರೂ ವಾದ ಮಾಡುತ್ತಿದ್ದರು; ಕೊನೆಗೆ ಚಹಾ ಬರುತ್ತಿತ್ತು, ಒಂದೂವರೆಗೆ ಮುಗಿಯುತ್ತಿತ್ತು. ಅಂಗಡಿಯವನು ಕಾಗದದಲ್ಲಿ ನಾಲ್ಕು ಸಾಲು ಬರೆದುಕೊಂಡು ಬರುವನು. ಲೆಕ್ಕ ಕೇಳಿದ ಮೇಲೆ ನಮ್ಮ ಕಟ್ಟೆಯ ಮೇಲೇ ಕೂತು ಒಂದೊಂದೇ ಪದ ಹೊಡೆದುಹಾಕುವನು. ಉಳಿದ ಮೂರು ನಾಲ್ಕು ಪದಗಳು ಅವನ ಪ್ರಾಣ. ಅವುಗಳನ್ನು ಅವನು ಹತ್ತು ಹದಿನೈದು ವರ್ಷ ತಲೆಯ ಮೇಲೆ ಹೊತ್ತು ಕೂರಬೇಕು, ಸುಳ್ಳು ಬರೆದರೆ ದಿನವೂ ಅದರ ಕೆಳಗೇ ಹಾಯಬೇಕು. ‘ನಮ್ಮದು ಬೇರೆಲ್ಲೂ ಶಾಖೆ ಇಲ್ಲ’ ಎಂಬ ಸಾಲು ಪುಣೆಯಲ್ಲಿ ಎಷ್ಟು ಅಂಗಡಿಗಳ ಮೇಲಿತ್ತು! ಬೇರೆ ಊರಿನವರು ಇದನ್ನು ಜಂಬ ಎಂದರು. ನನಗೆ ಅದು ಮಾತು ಕೊಟ್ಟಂತೆ ಕಾಣುತ್ತಿತ್ತು: ಕೆಟ್ಟ ಮಾಲು ಸಿಕ್ಕರೆ ಬೈಯಲು ನಾನು ಇಲ್ಲೇ ಸಿಗುತ್ತೇನೆ ಎಂದು.

ಪುಣೇರಿ ಪಾಟ್ಯಾ ಎಂದು ಮಹಾರಾಷ್ಟ್ರವೆಲ್ಲ ನೆನೆಯುವ ಚುರುಕು ಫಲಕಗಳ ಬೇರು ಇಲ್ಲಿದೆ ಎಂದು ನಾನು ಹೇಳುತ್ತೇನೆ. ಪುಣೇಕರರು ಸಹಜವಾಗಿಯೇ ಖಾರ ಮಾತಿನವರು ಎಂಬುದು ಸುಲಭದ ವಿವರಣೆ. ಮರಾಠಿಯ ಹಾಸ್ಯ ಲೇಖಕ ಪು. ಲ. ದೇಶಪಾಂಡೆ ಆ ಸ್ವಭಾವವನ್ನು ಬಣ್ಣಿಸಿ ನಗಿಸಿದ ಮೇಲಂತೂ ಅದೇ ನಿಂತುಬಿಟ್ಟಿತು. ಆದರೆ ಅಕ್ಷರಕ್ಕೆ ಹಣ ಕೊಡುವವನ ಮಾತು ಎಲ್ಲೇ ಆದರೂ ಚುರುಕಾಗುತ್ತದೆ. ಮಧ್ಯಾಹ್ನ ಒಂದರಿಂದ ನಾಲ್ಕು ಬಂದ್ ಎಂಬುದನ್ನು ವಿನಂತಿ, ಕ್ಷಮೆ, ಧನ್ಯವಾದಗಳೊಡನೆ ಬರೆಸಿದರೆ ಬಿಲ್ಲು ಮೂರು ಪಟ್ಟು. ಮಧ್ಯಾಹ್ನದ ಆ ಬಂದ್‌ಗೇ ಹೆಸರಾದ ಚಿತಳೆ ಬಂಧು ಮಿಠಾಯಿ ಅಂಗಡಿ 1950ರದು. ಅವರು ಮಧ್ಯಾಹ್ನ ಬಾಗಿಲು ತೆರೆದಿಡಲು ನಿರ್ಧರಿಸಿದ್ದು 2017ರಲ್ಲಿ, ಅದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಬೋರ್ಡಿನ ಒಂದು ಸಾಲು ಊರಿನ ದಿನಚರಿಯನ್ನೇ ಹಿಡಿದಿಟ್ಟಿತ್ತು ಎಂಬುದಕ್ಕೆ ಇನ್ನೇನು ಬೇಕು.

ನಾನು ಬಂದ ಹೊಸತರಲ್ಲೇ ನಮಗೆ ದೊಡ್ಡ ಕೆಲಸ ಕೊಟ್ಟದ್ದು ಸರ್ಕಾರ. 1978ರಲ್ಲಿ ಇಂಗ್ಲಿಷಿನ ಪೂನಾ ಪುಣೆ ಆಯಿತು. ಮರಾಠಿ ಬರಹದಲ್ಲಿ ಏನೂ ಬದಲಾಗಲಿಲ್ಲ, ಅಲ್ಲಿ ಮೊದಲಿಂದಲೂ ಪುಣೆಯೇ. ಇಂಗ್ಲಿಷಿನಲ್ಲಿ ಐದು ಅಕ್ಷರದ ಜಾಗಕ್ಕೆ ನಾಲ್ಕು ಬಂದು ಸಾಲಿನ ಕೊನೆಗೆ ಒಂದು ಅಕ್ಷರದಷ್ಟು ಖಾಲಿ ಬೀಳುತ್ತಿತ್ತು. ಅದನ್ನು ತುಂಬಲು ಕೆಲವರು ಪಿನ್ ಸಂಖ್ಯೆ ಬರೆಸಿದರು, ಕೆಲವರು ಚಿಕ್ಕ ಹೂವು. ಪೂನಾ ಗೆಸ್ಟ್ ಹೌಸಿನಂಥ ಹಳಬರು ತಮ್ಮ ಹೆಸರು ಹಾಗೇ ಇಟ್ಟುಕೊಂಡರು. ಮುಂದೆ ಎಸ್‌ಟಿಡಿ ಬೂತ್‌ಗಳ ಹಳದಿ ಬೋರ್ಡು ಬಂತು, ಗಲ್ಲಿಗೊಂದರಂತೆ ಬರೆದೆವು. ಈ ಶತಮಾನದ ಮೊದಲ ವರ್ಷಗಳಲ್ಲಿ ದೂರವಾಣಿ ಸಂಖ್ಯೆಗಳ ಮುಂದೆ 2 ಸೇರಿಸಿದಾಗ ಏಣಿ ಹೊತ್ತು ಬೀದಿ ಬೀದಿ ತಿರುಗಿ ಅದೊಂದೇ ಅಂಕಿ ಬರೆದದ್ದುಂಟು. ಪೇಂಟರುಗಳು ಸಾಲಾಗಿ ದುಡಿದ ಕೊನೆಯ ಸುಗ್ಗಿ ಅದೇ.

ನಮ್ಮ ಅಂಗಡಿಯ ಗೋಡೆಗೆ ಗಟ್ಟೂವಿನ ಚಿತ್ರವಿತ್ತು: ಹಣೆಗೆ ಕೂದಲು ಬಿಟ್ಟ, ಕೈಯಲ್ಲಿ ಬಣ್ಣದ ಡಬ್ಬಿ ಹಿಡಿದ ತುಂಟ ಹುಡುಗ. ಏಷ್ಯನ್ ಪೇಂಟ್ಸ್‌ಗಾಗಿ 1954ರಲ್ಲಿ ಅವನನ್ನು ಬರೆದವರು ನಮ್ಮ ಮೈಸೂರಿನ ಆರ್. ಕೆ. ಲಕ್ಷ್ಮಣ್. ಅವರು ಕೊನೆಯ ಕಾಲವನ್ನು ಪುಣೆಯಲ್ಲೇ ಕಳೆದು 2015ರ ಜನವರಿ 26ರಂದು ಇಲ್ಲೇ ತೀರಿಕೊಂಡರು. ಸಿಂಬಯಾಸಿಸ್ ಆವರಣದಲ್ಲಿ ಅವರ ಶ್ರೀಸಾಮಾನ್ಯನ ಪ್ರತಿಮೆ ಇದೆ. ಗಟ್ಟೂವಿಗೂ ಒಂದು ಕಟ್ಟೆ ಕಟ್ಟಿಸಬೇಕು ಎಂಬ ಆಸೆ ನನಗೆ ಇನ್ನೂ ಇದೆ.

ಬೆಳಕಿನ ಬೋರ್ಡುಗಳನ್ನು ನಾನು ದೂರದಿಂದ ನೋಡಿದವನು, ಹಾಗಾಗಿ ಚಿಕ್ಕದಾಗಿ ಹೇಳುತ್ತೇನೆ. ನಿಯಾನ್ ಅನಿಲವನ್ನು 1898ರಲ್ಲಿ ಕಂಡುಹಿಡಿದ ಇಬ್ಬರಲ್ಲಿ ಒಬ್ಬರು ವಿಲಿಯಂ ರ‍್ಯಾಮ್ಸೆ; ಟಾಟಾ ವಿಜ್ಞಾನ ಸಂಸ್ಥೆಗೆ ಬೆಂಗಳೂರೇ ತಕ್ಕ ಜಾಗ ಎಂದು 1900ರಲ್ಲಿ ಬಂದು ನೋಡಿ ಸಲಹೆ ಕೊಟ್ಟವರೂ ಅವರೇ. ಆ ಅನಿಲವನ್ನು ಗಾಜಿನ ಕೊಳವೆಯಲ್ಲಿ ಉರಿಸಿ ಜಾರ್ಜ್ ಕ್ಲೋಡ್ 1910ರಲ್ಲಿ ಪ್ಯಾರಿಸ್ಸಿನಲ್ಲಿ ತೋರಿಸಿದ. ಪುಣೆಯಲ್ಲಿ ಅದು ಸಿನಿಮಾ ಮಂದಿರ, ದೊಡ್ಡ ಹೋಟೆಲುಗಳಿಗಷ್ಟೇ ನಿಲುಕಿತು. ಸಾಮಾನ್ಯ ಅಂಗಡಿಗೆ ಬಂದದ್ದು ಅಕ್ರಿಲಿಕ್ ಹಾಳೆಯ ಪೆಟ್ಟಿಗೆ, ಒಳಗೆ ಟ್ಯೂಬ್‌ಲೈಟು. ಅಕ್ರಿಲಿಕ್ ಅಕ್ಷರಗಳನ್ನು ಸಣ್ಣ ಗರಗಸದಲ್ಲಿ ಕೈಯಿಂದಲೇ ಕೊಯ್ಯುತ್ತಿದ್ದರು, ಬರೆದುಕೊಡುತ್ತಿದ್ದವರು ನಾವೇ. ಕೆಲಸ ಹಂಚಿಕೊಂಡರೂ ಕೈ ತಪ್ಪಿರಲಿಲ್ಲ.

ಕೈ ತಪ್ಪಿದ್ದು ಫ್ಲೆಕ್ಸ್ ಬಂದಾಗ. 2000ದ ಆಚೀಚೆ ಯಂತ್ರಗಳು ಬಂದವು. ಪ್ಲಾಸ್ಟಿಕ್ ಬಟ್ಟೆಯ ಮೇಲೆ ಗಂಟೆಯೊಳಗೆ ಅಚ್ಚು, ದರ ಚದರ ಅಡಿಗೆ. ಇಲ್ಲಿ ಒಂದು ಅಕ್ಷರಕ್ಕೂ ನೂರು ಅಕ್ಷರಕ್ಕೂ ಒಂದೇ ಬೆಲೆ. ಖಾಲಿ ಬಿಟ್ಟರೆ ನಷ್ಟ ಎಂದು ಜನಕ್ಕೆ ತೋರಿತು. ಪದಗಳನ್ನು ಹೊಡೆದುಹಾಕುತ್ತಿದ್ದ ಅಂಗಡಿಯವನೇ ಈಗ ಇನ್ನೇನು ಸೇರಿಸಲಿ ಎಂದು ಕೇಳತೊಡಗಿದ. ಕೇಕು, ಜಲಪಾತ, ತನ್ನದೊಂದು ಫೋಟೊ, ಮುಖಂಡನದೊಂದು. ಎರಡು ಬೇಸಿಗೆಯಲ್ಲಿ ಕೆಂಪು ಹಳದಿ ಹಾರಿಹೋಗಿ ಎಲ್ಲ ಮುಖಗಳೂ ನೀಲಿಗಟ್ಟುತ್ತವೆ, ಮತ್ತೊಂದು ಕಟ್ಟುತ್ತಾರೆ. ಹಳೆಯದು ಗುಡಿಸಲಿನ ಸೂರಾಗುತ್ತದೆ, ಇಲ್ಲವೇ ಕಸದ ರಾಶಿಗೆ. ಕೊಳೆಯುವುದಿಲ್ಲ, ಸುಟ್ಟರೆ ಕೆಟ್ಟ ಹೊಗೆ. ಬಡವನ ಅಂಗಡಿಗೂ ಬಣ್ಣದ ಬೋರ್ಡು ಸಿಕ್ಕಿತಲ್ಲ ಎಂದು ನನ್ನ ಮಗ ಹೇಳುತ್ತಾನೆ. ಅದು ನಿಜ, ಒಪ್ಪುತ್ತೇನೆ. ಆದರೆ ಅಡಿಯ ದರ ಶುರುವಾದ ದಿನದಿಂದ ಮಾತಿನ ತೂಕ ಇಳಿಯಿತು ಎಂಬುದನ್ನು ನಾನು ಬಿಟ್ಟುಕೊಡಲಾರೆ.

ಅಡಿಯ ದರಕ್ಕೆ ಆಸೆಯೂ ಜೊತೆಯಾಗಿ ಬಂತು. ಎಷ್ಟು ಅಡಿ ಹೆಚ್ಚೋ ಅಷ್ಟು ಬಾಡಿಗೆ. 2018ರ ಅಕ್ಟೋಬರ್ 5ರಂದು ಜುನಾ ಬಝಾರ್ ಚೌಕದಲ್ಲಿ ಕಿತ್ತುಹಾಕುತ್ತಿದ್ದ ಜಾಹೀರಾತಿನ ಕಬ್ಬಿಣದ ಚೌಕಟ್ಟು ಸಿಗ್ನಲ್ಲಿನಲ್ಲಿ ನಿಂತ ವಾಹನಗಳ ಮೇಲೆ ಬಿದ್ದು ನಾಲ್ವರು ಸತ್ತರು. 2023ರ ಏಪ್ರಿಲ್ 17ರಂದು ಪಿಂಪ್ರಿ ಚಿಂಚವಡದ ಕಿವಳೆಯಲ್ಲಿ ಗಾಳಿಮಳೆಗೆ ಹೆದರಿ ಫಲಕದ ಕೆಳಗೆ ನಿಂತ ಐವರು ಅದೇ ಫಲಕ ಕುಸಿದು ಹೋದರು. ಮರುವರ್ಷ ಮೇ 13ರಂದು ಮುಂಬೈಯ ಘಾಟ್ಕೋಪರಿನಲ್ಲಿ 17 ಜನ. ಆ ಫಲಕ 120 ಅಡಿ ಅಗಲ, 120 ಅಡಿ ಎತ್ತರ. ಬೋರ್ಡು ಬರೆದು ಬದುಕಿದವನು ನಾನು. ಬೋರ್ಡು ಬಿದ್ದು ಜನ ಸತ್ತ ಸುದ್ದಿ ಓದಿದಾಗ ನನ್ನ ಮನೆಯಲ್ಲೇ ಸಾವಾದಂತೆ ಆಗುತ್ತದೆ. ಅಷ್ಟು ದೊಡ್ಡ ಅಕ್ಷರ ಯಾವ ಅಂಗಡಿಗೂ ಬೇಕಿಲ್ಲ.

ಈಚೆಗೆ ಕಾನೂನು ನಮ್ಮ ಕಸುಬಿಗೆ ಮತ್ತೆ ಸ್ವಲ್ಪ ಗಾಳಿ ಹಾಕಿದೆ. ಅಂಗಡಿಯ ಹೆಸರು ಮರಾಠಿಯಲ್ಲಿ, ದೇವನಾಗರಿಯಲ್ಲಿ ಇರಬೇಕು, ಬೇರೆ ಲಿಪಿಗಿಂತ ಅದರ ಅಕ್ಷರ ಚಿಕ್ಕದಾಗಬಾರದು ಎಂಬ ನಿಯಮವನ್ನು ಮಹಾರಾಷ್ಟ್ರ 2022ರಲ್ಲಿ ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಅಂಗಡಿಗಳಿಗೂ ವಿಸ್ತರಿಸಿತು. ವರ್ತಕರ ಸಂಘ ಸುಪ್ರೀಂ ಕೋರ್ಟಿಗೆ ಹೋದಾಗ ಕೋರ್ಟು 2023ರ ಸೆಪ್ಟೆಂಬರಿನಲ್ಲಿ ಎರಡು ತಿಂಗಳ ಗಡುವು ಕೊಟ್ಟಿತು. ಕರ್ನಾಟಕದಲ್ಲಿ ಶೇ. 60 ಕನ್ನಡ ಎಂಬ ಕಾಯ್ದೆ ಗಟ್ಟಿಯಾದದ್ದೂ ಅದರ ಬೆನ್ನಿಗೇ, 2024ರಲ್ಲಿ. ಆ ಅವಸರದಲ್ಲಿ ಕೊಯ್ದ ಎಲ್‌ಇಡಿ ಅಕ್ಷರಗಳನ್ನು ನೋಡಿದರೆ ಕಣ್ಣು ನೋಯುತ್ತದೆ. ಒಂದೊಂದು ಅಕ್ಷರವನ್ನು ಬೇರೆ ಬೇರೆ ಕೊಯ್ದು ಅಂಟಿಸುವುದರಿಂದ ತಲೆಗೆರೆ ತುಂಡು ತುಂಡಾಗಿ ನಿಲ್ಲುತ್ತದೆ, ಹ್ರಸ್ವ ಇಕಾರದ ಮಾತ್ರೆ ತನ್ನ ಅಕ್ಷರ ಬಿಟ್ಟು ಪಕ್ಕದ್ದಕ್ಕೆ ಹೋಗಿ ಕೂರುತ್ತದೆ. ಹಡಪಸರದ ಒಂದು ಕಾರ್ಖಾನೆಯ ಹುಡುಗರು ಈಗ ಕೊಯ್ಯುವ ಮೊದಲು ಚಿತ್ರವನ್ನು ನನ್ನ ಫೋನಿಗೆ ಕಳಿಸುತ್ತಾರೆ. ಪದವನ್ನು ಇಡಿಯಾಗಿ ಒಂದೇ ಹಾಳೆಯಲ್ಲಿ ಕೊಯ್ಯಿರಪ್ಪಾ, ಇಲ್ಲವೇ ಮೊದಲು ಗೆರೆಯ ಪಟ್ಟಿ ಕೂರಿಸಿ ಆಮೇಲೆ ಅಕ್ಷರ ಹಚ್ಚಿ ಎಂದು ಹೇಳುತ್ತೇನೆ.

ಅವರಲ್ಲೊಬ್ಬ ಇಂಡಿ ಕಡೆಯವನು. ಅವನ ಮಾವ ಇಲ್ಲಿ ಜೋಳದ ರೊಟ್ಟಿಯ ಖಾನಾವಳಿ ಇಟ್ಟಿದ್ದಾರೆ. ‘ಕಾಕಾ, ಕನ್ನಡದಾಗೂ ಬರೀಬೇಕು, ದಂಡ ಬೀಳತದೇನು?’ ಎಂದು ಕೇಳಿದ. ಬೀಳುವುದಿಲ್ಲ, ಮರಾಠಿ ಚಿಕ್ಕದಾಗದಿದ್ದರೆ ಸಾಕು ಎಂದೆ. ಎಂಟು ಅಡಿ ತಗಡು, ನೆಲ ಕಡುಹಸಿರು. ಮರಾಠಿ ಒಂಬತ್ತು ಇಂಚು, ಕನ್ನಡ ಏಳು. ಅವನ ಮಾವ ‘ಶುಚಿ ರುಚಿಯಾದ ಉತ್ತರ ಕರ್ನಾಟಕ ಶೈಲಿಯ ಊಟ’ ಎಂದು ಬರೆದುಕೊಂಡು ಬಂದಿದ್ದರು. ಅಕ್ಷರದ ಲೆಕ್ಕ ಹೇಳಿದೆ. ಸ್ವಲ್ಪ ಹೊತ್ತು ಕೂತು ಯೋಚಿಸಿ ‘ಬಿಸಿ ರೊಟ್ಟಿ ಊಟ’ ಎಂದಷ್ಟೇ ಉಳಿಸಿದರು.